ವಲ್ಲಿಯ ಮರೆಯ ಮಾತು

ಕಾಲುವೆ ಇನ್ನೂ ಬಂದಿರಲಿಲ್ಲ. ಆದರೂ ಗೊರೇಬಾಳದಲ್ಲಿ ನೀರಿನ ಕನಸು ಬೀಳದ ಮನೆ ಇರಲಿಲ್ಲ. ತುಂಗಭದ್ರೆ ಬರುತ್ತಾಳಂತೆ, ಎರೆಹೊಲದಲ್ಲಿ ನೆಲ್ಲು ಬೆಳೆಯುತ್ತದಂತೆ ಎಂದು ಜನ ಜೋಳದ ರೊಟ್ಟಿ ಮುರಿಯುತ್ತಲೇ ಅನ್ನದ ಮಾತಾಡುತ್ತಿದ್ದರು. ನೀರು ಬರುವ ಮೊದಲು ಹೊಲ ಸಮ ಮಾಡಿ ಮಡಿ ಕಟ್ಟಬೇಕಲ್ಲ? ಆ ಕೆಲಸಕ್ಕೆಂದೇ ಮಸ್ಕಿಯ ಪೀರ್‌ಸಾಬ್ ಎತ್ತು, ಮಣ್ಣೆಳೆಯುವ ಹಲಗೆ, ಹೆಂಡತಿ ಮಕ್ತುಂಬೀ ಸಮೇತ ಬಂದು ಅಲ್ಲಿನ ಒಂದು ಹೊಲದ ಬದುವಿನಲ್ಲೇ ಬಿಡಾರ ಹೂಡಿದ್ದ. ಅವನು ಮಣ್ಣಿನ ಕೆಲಸದ ಸಣ್ಣ ಗುತ್ತೇದಾರ.

ಹೊಲ ಯಾರದೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕೆಲಸ ಕೊಡಿಸಿದವನು ದಲ್ಲಾಳಿ ಕನಕರಾಯ. ಅವನದು ದನದ ಸಂತೆಯ ಪದ್ಧತಿ. ಹೆಗಲ ಮೇಲಿನ ವಲ್ಲಿ ವಸ್ತ್ರವನ್ನು ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಹೊಲದವರಿಗೆ ಒಂದು ಲೆಕ್ಕ, ಕೆಲಸದವರಿಗೆ ಇನ್ನೊಂದು ಲೆಕ್ಕ ಹೇಳುತ್ತಿದ್ದ; ನಡುವಿನದು ಅವನ ಪಾಲು. ಇಬ್ಬರೂ ಕೂಡಿ ಮಾತಾಡಬಾರದು ಎಂಬುದು ಅವನ ಕಟ್ಟಳೆ.

ಹಿಂದೆ ಬಳಗಾನೂರಿನ ಕೆಲಸದಲ್ಲಿ ಹೀಗೇ ಆಗಿತ್ತು. ಹೊಲದವರು ಹೇಳಿದ್ದೊಂದು, ಕನಕರಾಯ ಮುಟ್ಟಿಸಿದ್ದೊಂದು. ಕಟ್ಟಿದ ಬದು ಒಡೆಯಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. 'ಪೀರ್‌ಸಾಬನ ಕೈ ಸೊಟ್ಟ' ಎಂದು ಸೀಮೆಗೆಲ್ಲ ಸುದ್ದಿಯಾಯಿತು. ಈ ಹೊಲವೂ ಕೆಟ್ಟರೆ ಇನ್ನು ಯಾರೂ ಕರೆಯರು. ಆ ಚಿಂತೆ ಅವನನ್ನು ಒಳಗೇ ಕೊರೆಯುತ್ತಿತ್ತು.

"ಹೊಲದವ್ರನ್ನ ಒಂದ್ ಸಲ ಕಂಡು ಕೇಳ್ರೀ" ಎಂದಳು ಮಕ್ತುಂಬೀ, ರೊಟ್ಟಿ ಬಡಿಯುತ್ತ.

"ನಿನಗೇನ್ ಹುಚ್ಚು ಹಿಡದೈತೇನು? ದಲ್ಲಾಳಿನ್ನ ದಾಟಿ ಹೋದ್ರ ನಾಳಿ ಕೆಲಸ ಯಾರ್ ಕೊಡ್ತಾರ?"

"ನಮ್ಮಣ್ಣ ದಾವಲ್‌ಸಾಬ್ ಲಿಂಗಸುಗೂರಾಗ ಬಾವಿ ಕಟ್ಟಾಕತ್ತಾನಲ್ಲ, ಅವಗ ಯಾವ ದಲ್ಲಾಳಿ ಅದಾನ? ಮೊದಲ ಮನಿಯವ್ರ ಜೋಡಿ ಕುಂದರ್ತಾನ. ಏನ್ ಕೆಲಸ, ಕೂಲಿ ಎಷ್ಟು, ಯಾವಾಗ ಮುಗಸೋದು, ಎಲ್ಲಾ ಊರಾಗಿನ ಇಬ್ಬರ ಮುಂದ ಹೇಳಿ ಚೀಟಿ ಬರಸ್ತಾನ. ಅವನ ಹೆಸರು ಎಂದರ ಕೆಟ್ಟೈತೇನು?"

"ಅವ ಮಾತಿನಾವ. ನನಗ ಮಣ್ಣಿನ ಜೋಡಿ ಮಾತಾಡಿ ರೂಢಿ, ಮಂದಿ ಜೋಡಿ ಅಲ್ಲ."

"ಹಂಗಾರ ಮಣ್ಣಿನ ಮಾತೇ ಕೇಳ್ರೀ. ಅಷ್ಟ ಸಾಕು."

ಮಧ್ಯಾಹ್ನ ಬೇವಿನ ನೆರಳಲ್ಲಿ ಪೀರ್‌ಸಾಬನಿಗೆ ಜೊಂಪು ಹತ್ತಿತು. ಕನಸಿನಲ್ಲಿ ನೀರು ಬಂತು. ಬದುವಿನ ಸುತ್ತ ಮೆಲ್ಲಗೆ ತಿರುಗುತ್ತ, 'ನನ್ನ ಬಾಗಿಲು ಎಲ್ಲೈತಿ?' ಎಂದು ಕೇಳಿತು. ಬೆಚ್ಚಿ ಕಣ್ಣು ಬಿಟ್ಟರೆ ಎದುರಿಗೆ ಒಬ್ಬ ಮುದುಕಿ, ಕಂಕುಳಲ್ಲಿ ಕೊಡ.

"ಈ ಹೊಲದಾಕಿ ನಾನು, ಗುರುಲಿಂಗಮ್ಮ. ಬಿಸಲಾಗ ದುಡೀತೀರಿ, ನೀರು ತಂದೀನಿ. ಕೆಲಸದವ್ರು ಬಾಳ ಸಿಟ್ಟಿನವ್ರು, ಮಾತಾಡಬ್ಯಾಡ ಅಂದಿದ್ದ ಕನಕರಾಯ."

ಪೀರ್‌ಸಾಬನಿಗೆ ನಗು ಬಂತು. "ನನಗೂ ಹಂಗ ಹೇಳ್ಯಾನ್ರೀ, ಹೊಲದವ್ರು ಸಿಟ್ಟಿನವ್ರು ಅಂತ!"

ಮುದುಕಿಯೂ ನಕ್ಕಳು. ಅವಳು ಹೊರಡಲು ತಿರುಗಿದಾಗ ಪೀರ್‌ಸಾಬ್ ಧೈರ್ಯ ಮಾಡಿದ. "ಅವ್ವಾರ, ಒಂದ್ ಮಾತು. ಕಾಲುವಿ ಗೂಟ ಯಾವ ಕಡಿ ನೆಟ್ಟಾರ್ರೀ?"

"ಪಡುವಲಕ್ಕ, ಆ ಬದುವಿನ ಆಚಿಗೆ."

ಪೀರ್‌ಸಾಬ್ ಎದ್ದು ನಿಂತ. ನೀರು ಒಳಬರುವ ಬಾಯಿಯನ್ನು ಮೂಡಲಕ್ಕೆ ಇಡು ಎಂದಿದ್ದ ಕನಕರಾಯ. "ಮೂಡಲಕ್ಕ ಬಾಯಿ ಇಟ್ರ?"

"ಅಯ್ಯ ತಮ್ಮಾ, ಮಳಿ ಬಂದ್ರ ನೀರೆಲ್ಲಾ ಅಲ್ಲೇ ಹೋಗಿ ನಿಲ್ತೈತಿ. ನೋಡು ಬೇಕಾರ." ಹಲಗೆ ಎಳೆದು ಗಟ್ಟಿಯಾದ ನೆಲದ ಮೇಲೆ ಅವಳು ಕೊಡ ಬಗ್ಗಿಸಿದಳು.

ಕಣ್ಣಿಗೆ ಸಮವೆನ್ನಿಸುತ್ತಿದ್ದ ಹೊಲ. ನೀರು ಬಿಸಿಲಲ್ಲಿ ಮಿನುಗುತ್ತ ಮೂಡಲಕ್ಕೇ ಹರಿಯಿತು. ಮಕ್ತುಂಬೀಯೂ ಬಿಡಾರದಿಂದ ಎದ್ದು ಬಂದಳು; ಮೂವರೂ ಅದರ ಹಿಂದೆ ಬರಿಗಾಲಲ್ಲಿ ನಡೆದರು, ಕಾಲುವೆಯೇ ಬಂದಂತೆ. ಇಷ್ಟು ವರ್ಷ ಆ ಹೊಲದ ಗುಣವೇನೆಂದು ಗುರುಲಿಂಗಮ್ಮನನ್ನು ಯಾರೂ ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು.

ಸಂಜೆ ಕನಕರಾಯ ಬಂದ. ವಲ್ಲಿ ಹೊದಿಸಿ ಪೀರ್‌ಸಾಬನ ಬೆರಳು ಹಿಡಿಯಹೋದ. ಪೀರ್‌ಸಾಬ್ ಕೈ ಹಿಂದಕ್ಕೆಳೆದುಕೊಂಡ.

"ವಲ್ಲಿ ಹೆಗಲ ಮ್ಯಾಲ ಇರ್ಲಿ ರಾಯರ. ಮಾತು ಬಯಲಾಗ ಆಗ್ಲಿ."

ಮರುದಿನ ಗುರುಲಿಂಗಮ್ಮನಿಗೂ ಪೀರ್‌ಸಾಬನಿಗೂ ಊರಿನ ಇಬ್ಬರು ಹಿರಿಯರ ಮುಂದೆ ಚೀಟಿಯಾಯಿತು. ನೀರಿನ ಬಾಯಿ ಪಡುವಲಕ್ಕೆ ಸರಿಯಿತು, ಮೂಡಲ ತಗ್ಗಿಗೆ ಮಣ್ಣು ಬಿತ್ತು.

ಮುಂದೊಂದು ದಿನ ನೀರು ನಿಜವಾಗಿಯೂ ಬಂತು. ಹುಡುಕಾಡದೆ, ತನ್ನ ಮನೆಗೇ ಬಂದ ಹಾಗೆ ಒಳಬಂದು ಮಡಿ ತುಂಬ ಸಮವಾಗಿ ನಿಂತಿತು. ನೋಡಲು ಬಂದವರಲ್ಲಿ ಬಳಗಾನೂರಿನವರೂ ಇದ್ದರು. "ಈ ಹೊಲ ಯಾರ್ ಮಾಡಿದ್ದಬೇ?" ಎಂದರು.

"ಮಸ್ಕಿ ಪೀರ್‌ಸಾಬ್" ಎಂದಳು ಗುರುಲಿಂಗಮ್ಮ, ಎಲ್ಲರಿಗೂ ಕೇಳುವ ಹಾಗೆ.

ಕೆಲಸ ಹಿಡಿಯುವ ಅಣ್ಣಗಳಿರಾ, ಕೆಲಸ ಕೊಡುವ ಅಕ್ಕಗಳಿರಾ, ಎದುರುಬದುರು ಕುಳಿತು ಮಾತಾಡಿ. ಕೆಲಸ, ಕೂಲಿ, ಗಡುವು ಮೂರನ್ನೂ ಸಾಕ್ಷಿಯ ಮುಂದೆ ಬರೆಸಿ. ಬೆವರು ನಿಮ್ಮದು, ಹೊಲ ನಿಮ್ಮದು. ನಿಮ್ಮ ಹೆಸರನ್ನು ಇನ್ನೊಬ್ಬರ ವಲ್ಲಿಯ ಕೆಳಗೆ ಇಡಬೇಡಿ.