ಧೂಳಿನ ಡಬ್ಬಿ

ನಮ್ಮ ಅತ್ತೆಗೆ ಒರೆಸುವ ಹುಚ್ಚು. ಹುಚ್ಚು ಅಂದರೆ ತಪ್ಪಾದೀತು; ಬಂದರಿನ ಗೋಡೆಗೆ ಬೆನ್ನು ಕೊಟ್ಟ ಮನೆಯಲ್ಲಿ ಒರೆಸದೆ ಬದುಕುವುದಾದರೂ ಹೇಗೆ? ಗೋಡೆಯಾಚೆ ಹಡಗಿಗೆ ತುಂಬುವ ಅದಿರಿನ ರಾಶಿ. ಗಾಳಿ ಬೀಸಿದರೆ ಸಾಕು, ಕಿಟಕಿ, ತಟ್ಟೆ, ದಿಂಬು ಎಲ್ಲ ಕೆಂಪು. ನಮ್ಮ ಯಜಮಾನರು ಆ ರಾಶಿಗೆ ನೀರು ಹೊಡೆಯುವ ಟ್ಯಾಂಕರಿನ ಡ್ರೈವರು. ಎಷ್ಟು ಹೊಡೆದರೇನು, ಬಿಸಿಲೇರಿದರೆ ಮತ್ತೆ ಅದೇ ಕಥೆ.

ಮಗಳು ಉಸಿರಿಗೆ ಒದ್ದಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಮಾಲಿನ್ಯ ನಿಯಂತ್ರಣದವರ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ, ಜಗಳವಾಡಿದೆ. ಕೊನೆಗೆ ಧೂಳು ಅಳೆಯುವವನು ಬಂದು ನಮ್ಮ ತಾರಸಿಯ ಮೇಲೆ ಅಗಲ ಬಾಯಿಯ ಸ್ಟೀಲ್ ಡಬ್ಬಿಯೊಂದನ್ನು ಇಟ್ಟ.

"ಒಂದು ತಿಂಗಳು ಹೀಗೇ ಇರ್ಲಿ. ಬಿದ್ದ ಧೂಳು ತೂಗ್ತೀವಿ. ಮಿತಿ ಮೀರಿದ್ರೆ ರಾಶಿ ಇಲ್ಲಿಂದ ಎತ್ತಿಸ್ತಾರೆ," ಅಂದ.

ಮುಟ್ಟಬೇಡಿ ಎಂದು ಅತ್ತೆಗೆ ಹೇಳಿದೆ. "ನಾನ್ಯಾಕಮ್ಮ ಮುಟ್ಲಿ," ಅಂದರು. ಮುಟ್ಟಲೂ ಇಲ್ಲ. ನಾನು ದಿನಾ ಹತ್ತಿ ಇಣುಕುತ್ತಿದ್ದೆ. ತಳದಲ್ಲಿ ಕೆಂಪು ಪುಡಿ ದಪ್ಪವಾಗುತ್ತಿದ್ದುದು ಕಂಡು ಖುಷಿಯಾಗುತ್ತಿತ್ತು. ಎಂಥ ಖುಷಿ ನೋಡಿ!

ತಿಂಗಳು ತುಂಬಿ ಧೂಳು ಅಳೆಯುವವನು ಬಂದ ಬೆಳಿಗ್ಗೆ ನಾನು ಮಗಳಿಗೆ ಹಬೆ ಕೊಡುತ್ತಿದ್ದೆ. ಬಿಟ್ಟು ಅವನ ಹಿಂದೆಯೇ ತಾರಸಿಗೆ ಓಡಿದೆ. ಡಬ್ಬಿ ಫಳಫಳ ಹೊಳೆಯುತ್ತಿತ್ತು. ನೀರು ಸೋರಲೆಂದು ಬೋರಲು ಹಾಕಿದ್ದರು.

ಅತ್ತೆ ಸೆರಗಿಗೆ ಕೈ ಒರೆಸುತ್ತ ಮೆಟ್ಟಿಲೇರಿ ಬಂದರು. "ನೀವು ಬರೋ ದಿನವೂ ಆ ಕೊಳಕು ಹಾಗೇ ಬಿಡೋಕಾಗತ್ತಾ, ಸಾಹೇಬ್ರೆ? ನಮ್ಮನೆ ಬಗ್ಗೆ ನಾಲ್ಕು ಜನ ಏನಂದ್ಕೋತಾರೆ? ಈಗಷ್ಟೇ ಸೋಪು ಹಾಕಿ ಉಜ್ಜಿದೆ. ಇರಿ, ಟೀ ತರ್ತೀನಿ."

ಅವರು ಇಳಿದು ಹೋದ ಮೇಲೆ ಅವನು ಡಬ್ಬಿ ಎತ್ತಿ ಒಳಗೆ ನೋಡಿದ. ಆಮೇಲೆ, "ಏನ್ ತೂಗ್ಲಮ್ಮ? ರಾಶಿ ಇಲ್ಲೇ ಇರತ್ತೆ. ಅಳೆಯೋದು ವರ್ಷಕ್ಕೊಂದೇ ಸಲ, ಮುಂದಿನ ವರ್ಷ ನೋಡೋಣ," ಅಂದ.

ಕಚೇರಿಯ ದೊಡ್ಡವರನ್ನೇ ಬಾಯಿಗೆ ಬಂದಂತೆ ಬೈದವಳು ನಾನು. ಅವತ್ತು ಮಾತ್ರ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅವನು ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದ.

ಅತ್ತೆ ಟೀ ಲೋಟ ಹಿಡಿದು ಕೆಳಗೆ ನಿಂತಿದ್ದರು. "ಏನಂದ್ರೇ ಅವ್ರು?"

"ಮನೆ ಚೊಕ್ಕವಾಗಿ ಇಟ್ಕೊಂಡಿದೀರಿ ಅಂದ್ರು, ಅತ್ತೆ."

ಅವರ ಮುಖ ಅರಳಿತು. ಅಷ್ಟರಲ್ಲಿ ಒಳಗೆ ಮಗಳಿಗೆ ಕೆಮ್ಮು ಒತ್ತರಿಸಿ ಬಂತು.

"ಅಯ್ಯೋ ನನ್ ಕಂದ! ಈ ಧೂಳು ಹಾಳಾಗಿ ಹೋಗ!" ಎನ್ನುತ್ತ ಅತ್ತೆ ಒದ್ದೆ ಬಟ್ಟೆ ಹಿಡಿದು ಓಡಿದರು. ನಾನು ಬಕೆಟ್ಟು ಎತ್ತಿಕೊಂಡು ಅವರ ಹಿಂದೆ ಹೋದೆ.