ಕೆಂಪು ಮುಚ್ಚಳದ ಫ್ಲಾಸ್ಕು

ಐನಿ ಹುಲ್ಕೊನೆನ್ ಯಾರನ್ನೂ ಯಾವತ್ತೂ ‘ಮೀನು ಬಿತ್ತೇ’ ಎಂದು ಕೇಳಿದವಳಲ್ಲ. ಹೆಪ್ಪುಗಟ್ಟಿದ ಕಲ್ಲಾವೆಸಿ ಸರೋವರದ ಮೇಲೆ, ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಇಳಿಸಿ ಕೂತವರನ್ನು ಹಾಗೆ ಕೇಳುವುದು ಮರ್ಯಾದೆಯಲ್ಲ, ನಿಜ, ಆದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಪಕ್ಕದವನ ಬುಟ್ಟಿಯತ್ತ ಕಳ್ಳನೋಟ ಬೀರುವಾಗ, ಆಕೆ ನೇರವಾಗಿ ಮುಖ ನೋಡಿ “ಏನ್ ತಿಂದೆ? ಏನ್ ಕುಡ್ದೆ?” ಎನ್ನುತ್ತಿದ್ದಳು. ಅದೇ ಆಕೆಯ ನಮಸ್ಕಾರ, ಅದೇ ಕುಶಲಪ್ರಶ್ನೆ. ಉತ್ತರ ಬಾರದೆ ಅಲ್ಲಿಂದ ಕದಲುತ್ತಿರಲಿಲ್ಲ.

ನಡಿಗೆಯೂ ವಿಚಿತ್ರವೇ. ಪಾದಗಳನ್ನು ಎತ್ತದೆ ಹಿಮವನ್ನು ಸವರಿಕೊಂಡು, ಆಗಾಗ ನಿಂತು, ತಲೆಯನ್ನು ಓರೆಮಾಡಿ ಕಾಲಡಿಯ ಮಂಜುಗಡ್ಡೆಯ ಸದ್ದನ್ನು ಆಲಿಸಿ, ಮತ್ತೆ ಮುಂದೆ ಸರಿಯುವ ಆ ನಡಿಗೆಯನ್ನು ಮಬ್ಬುಬೆಳಕಿನಲ್ಲೂ ಗುರುತಿಸಬಹುದಿತ್ತು. ಮೈಮೇಲೆ ತೀರಿಕೊಂಡ ಗಂಡನ ಬೂದುಬಣ್ಣದ ಕೋಟು. ಅದರ ಒಳಮೈಗೆ ತಾನೇ ಹೊಲಿದ ಜೇಬುಗಳು. ಆ ಜೇಬುಗಳಲ್ಲಿ ಬೆಣ್ಣೆ ದಪ್ಪಗೆ ಬಳಿದ, ರೈ ಧಾನ್ಯದ ಕಪ್ಪು ರೊಟ್ಟಿ, ಮನೆಯಲ್ಲೇ ಹೆಚ್ಚಿಟ್ಟ ಚೀಸು, ಸಾಸೇಜು, ಎಲ್ಲವೂ ಮೈಶಾಖದಲ್ಲಿ ಮೆತ್ತಗೆ ಉಳಿಯುವಂತೆ. ಎಪ್ಪತ್ತು ದಾಟಿದ ಹೆಂಗಸು ದಿನ ತುಂಬಿದ ಬಸುರಿಯಂತೆ ಕಾಣುತ್ತಿದ್ದಳು.

“ಐನಕ್ಕ, ಹೆರಿಗೆ ಇವತ್ತೇನಾ?” ಎಂದು ರೈಮೊ ಕೂಗುತ್ತಿದ್ದ. ಮರದ ಕಾರ್ಖಾನೆಯಿಂದ ನಿವೃತ್ತನಾದ ಈ ರೈಮೊನಿಗೆ ಮೀನಿಗಿಂತ ಮಾತು ಹೆಚ್ಚು ಸಿಗುತ್ತಿತ್ತು.

“ಹೌದು ಕಣೋ. ಹುಟ್ಟೋದು ಸಾಸೇಜು. ನಿನ್ನ ಹೆಸರೇ ಇಡ್ತೀನಿ.”

ಆಹಾರದ ವಿಷಯದಲ್ಲಿ ಆಕೆಯದು ಕಟ್ಟುನಿಟ್ಟಿನ ಶಾಸ್ತ್ರ. ಸೇಬು ಕಲ್ಲಾಗುತ್ತದೆ, ಚಾಕೊಲೇಟು ಹಲ್ಲು ಮುರಿಯುತ್ತದೆ, ಉಪ್ಪುಮೀನು ದಾಹ ತರುತ್ತದೆ. ಸಾರಾಯಿಯಂತೂ ಮೈ ಬೆಚ್ಚಗಾಯಿತೆಂದು ನಂಬಿಸಿ ಒಳಗಿನ ಬಿಸಿಯನ್ನೇ ಕದ್ದೊಯ್ಯುವ ಕಳ್ಳ. ಹೊತ್ತು ನೆತ್ತಿಗೇರುವ ಮುನ್ನವೇ ತಿನ್ನಬೇಕು, ಹಸಿವಿಗಾಗಿ ಕಾಯಬಾರದು. “ಬಾಯಾರಿಲ್ಲ ಅಂತ ಜಂಬ ಕೊಚ್ಕೊಳ್ಳೋನೇ ಮೊದಲು ಬೀಳೋದು” ಎಂದು ಗದರಿ ಲೋಟ ತುಂಬಿಸುತ್ತಿದ್ದಳು. ಆಕೆಯ ಜಾರುಬಂಡಿಯ ಮೇಲೆ ಟವೆಲು ಸುತ್ತಿದ ಕಲಕುಕ್ಕೊ ಇರುತ್ತಿತ್ತು: ರೈ ಹಿಟ್ಟಿನ ದಪ್ಪ ಉಂಡೆಯೊಳಗೆ ಮೀನನ್ನೂ ಹಂದಿಯ ಕೊಬ್ಬನ್ನೂ ತುಂಬಿ, ಮುಳ್ಳೆಲ್ಲ ಕರಗುವಷ್ಟು ನಿಧಾನವಾಗಿ ಬೇಯಿಸಿದ ನಮ್ಮ ಸೀಮೆಯ ಬುತ್ತಿ. ಅದರ ಪಕ್ಕದಲ್ಲಿ ಎರಡು ಫ್ಲಾಸ್ಕು. ಹಸಿರು ಮುಚ್ಚಳದ್ದು ಕಾಫಿ, ಎಲ್ಲರಿಗೂ. ಕೆಂಪು ಮುಚ್ಚಳದ್ದು ಯಾರಿಗೂ ಇಲ್ಲ.

“ಅದ್ರಲ್ಲೇನು ಸ್ವರ್ಗದ ಸಾರಾಯಿ ಇಟ್ಟಿದೀಯಾ, ಜಿಪುಣಿ?” ಎಂದು ರೈಮೊ ಕೆಣಕಿದರೆ, “ನನ್ನ ಔಷಧಿ” ಎಂದು ಆಕೆ ಮಾತು ಮುಗಿಸಿಬಿಡುತ್ತಿದ್ದಳು.

ಅದು ಆಕೆಯ ಔಷಧಿಯಲ್ಲ, ತಮ್ಮ ವಿಲ್ಯಾಮಿಯದು. ಆತನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿಮದ್ದು ಚುಚ್ಚಿಕೊಂಡು ಬರುವವನು ಮೀನು ಕಚ್ಚತೊಡಗಿದರೆ ಊಟ ಮರೆಯುತ್ತಿದ್ದ. ಮರೆತರೆ ರಕ್ತದ ಸಕ್ಕರೆ ಸರ್ರನೆ ಇಳಿದು, ತಲೆ ಕಲಸಿ, ಕೂತಲ್ಲೇ ಪ್ರಜ್ಞೆ ತಪ್ಪಬಹುದಿತ್ತು. ಇದು ಗೊತ್ತಿದ್ದದ್ದು ಅಕ್ಕನಿಗೆ, ಮತ್ತು ದಿನವೂ ಆಕೆಯನ್ನು ಕಾರಿನಲ್ಲಿ ದಡಕ್ಕೆ ಕರೆತರುತ್ತಿದ್ದ ನೆರೆಯವನಾದ ನನಗೆ ಮಾತ್ರ. “ಇವರ ಮುಂದೆ ಬಾಯಿ ಬಿಟ್ಯೋ, ನಾಳೆಯಿಂದ ಒಬ್ನೇ ಬೇರೆ ಸರೋವರಕ್ಕೆ ಹೋಗ್ತೀನಿ” ಎಂದು ವಿಲ್ಯಾಮಿ ಹೆದರಿಸಿಟ್ಟಿದ್ದ. ಹಾಗಾಗಿ ಆಕೆ ಜಿಪುಣಿಯೆನಿಸಿಕೊಂಡೇ ಆ ಫ್ಲಾಸ್ಕನ್ನು ಹೊತ್ತಳು. ಒಳಗಿದ್ದದ್ದು ಸಕ್ಕರೆ ಸುರಿದ ಕಪ್ಪುದ್ರಾಕ್ಷಿಯಂಥ ಕಾಡುಹಣ್ಣಿನ ರಸ, ಉಗುರುಬೆಚ್ಚಗೆ. ಕುದಿಯುವುದನ್ನೇಕೆ ತರುವುದಿಲ್ಲವೆಂದು ನಾನೊಮ್ಮೆ ಕೇಳಿದ್ದೆ. “ಅಂಥ ಹೊತ್ನಲ್ಲಿ ಊದಿ ಊದಿ ಕುಡಿಯೋಕೆ ಪುರುಸೊತ್ತು ಇರುತ್ತಾ?” ಎಂದಳು. ಸಂಜೆ ಮನೆಗೆ ಬಂದು, ಯಾರೂ ಮುಟ್ಟದ ಆ ರಸವನ್ನು ಮೆಟ್ಟಿಲ ಪಕ್ಕದ ಹಿಮಕ್ಕೆ ಸುರಿಯುತ್ತಿದ್ದಳು. ಚಳಿಗಾಲ ಕಳೆಯುವಷ್ಟರಲ್ಲಿ ಅಲ್ಲಿ ದೊಡ್ಡದೊಂದು ನೇರಳೆ ಕಲೆ ಬೆಳೆದಿರುತ್ತಿತ್ತು.

ನಮ್ಮಲ್ಲಿ ಒಬ್ಬನ ತೂತಿನ ಬಳಿಗೆ ಇನ್ನೊಬ್ಬ ಕರೆಯದೆ ಹೋಗುವಂತಿಲ್ಲ. ಹೆಜ್ಜೆ ಸದ್ದಿಗೆ ಮೀನು ಚದುರುತ್ತದೆ, ಜಾಗ ಕದಿಯಲು ಬಂದನೆಂಬ ಅನುಮಾನವೂ ಹುಟ್ಟುತ್ತದೆ. ಐನಿ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಅದಕ್ಕೆಂದೇ ತಂದ ಹಳೇ ಕೆಟಲಿನ ಮೇಲೆ ಸೌಟಿನಿಂದ ಬಡಿದು “ಕಾಫಿ!” ಎಂದು ಕೂಗುವುದು, ಬರುವವರೂ ಬಾರದವರೂ ಕೈ ಎತ್ತಬೇಕು. ವಿಲ್ಯಾಮಿ ಕೈ ಎತ್ತಿ ತಪ್ಪದೆ ಬೈಯುತ್ತಿದ್ದ: “ನಿನ್ನ ಕಾಫಿಗಿಂತ ಸೋಪಿನ ನೀರು ವಾಸಿ, ನೀನೇ ಕುಡಿ!” ಆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ಆಕೆ ತನ್ನ ಲೋಟಕ್ಕೆ ಸುರಿದುಕೊಳ್ಳುತ್ತಿದ್ದಳು.

ವಸಂತ ಕಾಲಿಡುತ್ತಿದ್ದ ಒಂದು ದಿನ. ಮಂಜುಗಡ್ಡೆ ಬೂದುಬಣ್ಣಕ್ಕೆ ತಿರುಗಿತ್ತು. ದ್ವೀಪದಾಚೆಯ ಜಲಸಂಧಿಯಲ್ಲಿ ಕೆಳಗಿನ ಸೆಳೆತ ಅದನ್ನು ತಿಂದು ತೆಳುವಾಗಿಸಿತ್ತು. ಮೀನು ಹುಚ್ಚೆದ್ದು ಕಚ್ಚುತ್ತಿದ್ದವು, ಸಣ್ಣಗೆ ಹಿಮ ಬೀಳುತ್ತಿತ್ತು, ವಿಲ್ಯಾಮಿ ಎಲ್ಲರಿಗಿಂತ ದೂರ, ಆ ಜಲಸಂಧಿಯ ಕಡೆಗೇ ಕೂತಿದ್ದ. ಐನಿ ಬೆಳಗಿನಿಂದ ಗಾಳ ಮುಟ್ಟದೆ ಆ ಬೆನ್ನನ್ನೇ ನೋಡುತ್ತಿದ್ದಳು. ಕೊನೆಗೆ ಕೆಟಲು ಬಡಿದಳು. ಅಲ್ಲಲ್ಲಿ ಕೈಗಳು ಎದ್ದವು. ವಿಲ್ಯಾಮಿಯ ಕೈಯೂ ನಿಧಾನವಾಗಿ ಎದ್ದಿತು.

“ತುಂಬಾ ಥ್ಯಾಂಕ್ಸ್, ಐನಿ. ನಿನ್ನ ಕಾಫಿ ಚೆನ್ನಾಗಿರುತ್ತೆ.”

“ಅಯ್ಯಪ್ಪ, ವಿಲ್ಯಾಮಿಗೆ ಬುದ್ಧಿ ಬಂತು!” ಎಂದು ರೈಮೊ ಕೂಗಿದ. ಎಲ್ಲರೂ ನಕ್ಕರು.

ಐನಿಯ ಕೈಯಿಂದ ಸೌಟು ಜಾರಿತು. “ಥ್ಯಾಂಕ್ಸ್ ಅಂದ” ಎಂದಳು ನನ್ನತ್ತ ತಿರುಗಿ. ಕೆಂಪು ಫ್ಲಾಸ್ಕನ್ನು ಎತ್ತಿಕೊಂಡು ಹೊರಟೇಬಿಟ್ಟಳು.

“ಐನಕ್ಕ, ಕಚ್ಚೋ ಹೊತ್ನಲ್ಲಿ ಹೋಗ್ಬೇಡ, ಕೊಂದ್‌ಹಾಕ್ತಾನೆ!” ಎಂದು ರೈಮೊ ತಡೆದ.

“ಕೊಲ್ಲಲಿ. ಕೊಲ್ಲೋಕಾದ್ರೂ ಎದ್ದು ನಿಲ್ಲಲಿ!”

ವಿಲ್ಯಾಮಿ ಎದ್ದು ನಿಂತ. “ಬಂದೆ, ಕಾಫಿಗೆ ಬಂದೆ” ಎನ್ನುತ್ತ ನಡೆಯತೊಡಗಿದ, ನಮ್ಮತ್ತ ಅಲ್ಲ, ಜಲಸಂಧಿಯತ್ತ. ನಾವೂ ಐನಿಯ ಹಿಂದೆ ಓಡುತ್ತ ಕೂಗಿದೆವು, ಕೂಗಿದಷ್ಟೂ ಆತ ವಿನಯದಿಂದ ತಲೆಯಾಡಿಸುತ್ತ ಮುಂದೆಯೇ ಹೋದ. ಐನಿ ಭಾರ ಕಡಿಮೆಯಾಗಲೆಂದು ಕೋಟನ್ನು ಕಳಚಿ ಎಸೆದಳು. ರೊಟ್ಟಿಯೂ ಸಾಸೇಜೂ ಹಿಮದ ಮೇಲೆ ಚೆಲ್ಲಿದವು. ಕಾಲಡಿಯಲ್ಲಿ ಏನೋ ಚಟಪಟಗುಟ್ಟಿತು. ಆಗ ಆಕೆ ನಿಂತು, ಉಸಿರು ತುಂಬಿಕೊಂಡು, ನಾನೆಂದೂ ಕೇಳದ ದನಿಯಲ್ಲಿ ಕಿರುಚಿದಳು:

“ಲೋ ಸೋಂಬೇರಿ! ನಿನ್ನ ತೂತಲ್ಲಿ ಮೀನು ಕಚ್ಚಿದೆ, ರೈಮೊ ಎಳ್ಕೊಳ್ತಾ ಇದ್ದಾನೆ!”

ವಿಲ್ಯಾಮಿ ಗಕ್ಕನೆ ನಿಂತ. ತಲೆ ಎಷ್ಟೇ ಕಲಸಿಹೋಗಿದ್ದರೂ ಆ ಮಾತು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ತೂರಾಡುತ್ತ ಹಿಂತಿರುಗಿ, ತನ್ನ ತೂತಿನ ಬಳಿ ಬಂದು ಮಂಡಿಯೂರಿ ಕುಸಿದ. ಅಷ್ಟರಲ್ಲಿ ನಾವು ತಲುಪಿದ್ದೆವು. ನಾನು ಆತನನ್ನು ಎತ್ತಿ ಕೂರಿಸಿ ಹಿಡಿದೆ. ಐನಿ ಮುಚ್ಚಳ ತಿರುಗಿಸಿ ತುಟಿಗೆ ಹಿಡಿದಳು. ಸ್ವಲ್ಪ ಗಡ್ಡದ ಮೇಲೆ ಹರಿಯಿತು, ಸ್ವಲ್ಪ ಗಂಟಲಿಗಿಳಿಯಿತು. “ಕುಡಿ ಮಗಾ, ಕುಡಿ.” ಆಮೇಲಿನ ಕಾಯುವಿಕೆ ಯಾರಿಗೂ ಬೇಡ. ಆತನ ಕಣ್ಣು ಎಲ್ಲೋ ನೆಟ್ಟಿತ್ತು.

ಕೊನೆಗೆ ಆತ ಮುಖ ಸಿಂಡರಿಸಿದ. “ಥೂ, ಇದೇನ್ ಸಿಹಿ ಇದು? ಸೋಪಿನ ನೀರೇ ವಾಸಿ.”

ಐನಿ ಮಂಜುಗಡ್ಡೆಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟಳು. ರೈಮೊ ಕೋಟನ್ನು ತಂದು ಆಕೆಗೆ ಹೊದಿಸಿದ. ಕೆಂಪು ಫ್ಲಾಸ್ಕನ್ನೊಮ್ಮೆ, ವಿಲ್ಯಾಮಿಯನ್ನೊಮ್ಮೆ ನೋಡಿದ. ಹಿಮ ಒರೆಸಿ ಒಂದು ರೊಟ್ಟಿಯನ್ನು ವಿಲ್ಯಾಮಿಯ ಕೈಗಿಟ್ಟ. ಮಾರನೆಯ ಬೆಳಿಗ್ಗೆ ದಡದಲ್ಲಿ ಎದುರಾದಾಗ, ಎತ್ತಲೋ ನೋಡುತ್ತ, “ಏನ್ ತಿಂದೆ?” ಎಂದ. ವಿಲ್ಯಾಮಿ ಗೊಣಗಿದನೇ ಹೊರತು ಬೇರೆ ಸರೋವರಕ್ಕೆ ಹೋಗಲಿಲ್ಲ.

ಆ ಮಾರನೆಯ ದಿನದ ಸಂಜೆ ಐನಿಯ ಮೆಟ್ಟಿಲ ಪಕ್ಕದ ನೇರಳೆ ಕಲೆ ಮತ್ತೆ ಹಸಿಯಾಗಿತ್ತು. ಅದನ್ನು ಕಂಡು ನನಗಾದ ಸಮಾಧಾನವನ್ನು ಹೇಳಲಾರೆ. ಲೋಕದಲ್ಲಿ ಇಂಥವರು ಕೆಲವರಿದ್ದಾರೆ: ಎಂದಾದರೂ ಬೇಕಾದೀತೆಂದು ದಿನವೂ ಒಂದು ಭಾರವನ್ನು ಹೊರುತ್ತಾರೆ, ಇವತ್ತು ಬೇಡವಾಗಲಿ ಎಂದು ದಿನವೂ ಬೇಡಿಕೊಳ್ಳುತ್ತಾರೆ. ಅವರನ್ನು ನಾವು ಜಿಪುಣರೆನ್ನುತ್ತೇವೆ, ಪುಕ್ಕಲರೆನ್ನುತ್ತೇವೆ. ಅವರು ಮಾತ್ರ ಸಂಜೆ ಮನೆಗೆ ಬಂದು, ತುಂಬಿದ ಫ್ಲಾಸ್ಕನ್ನು ಸಂತೋಷದಿಂದ ಹಿಮಕ್ಕೆ ಸುರಿದು, ನಾಳೆಗೆಂದು ತೊಳೆದಿಡುತ್ತಾರೆ.