ಖಾಲಿಯಿರದ ಬೆಂಚು

"ನಿಮ್ಮ ಮಗು ಕೂರೋ ಜಾಗದಲ್ಲೇ ನೀವೂ ಕೂರ್ಬೇಕು" ಎಂದು ಪೋಷಕರ ಸಭೆಯಲ್ಲಿ ಮೇಡಂ ಹೇಳುವಷ್ಟರಲ್ಲಿ ಚಿಕ್ಕಮ್ಮ ಕೊನೇ ಬೆಂಚಿನಲ್ಲಿ ತುರುಕಿಕೊಂಡು ಕೂತಾಗಿತ್ತು. ಏಳನೇ ತರಗತಿಯ ಡೆಸ್ಕು. ಶಾಲಾ ವ್ಯಾನು ಓಡಿಸುವ ಅವಳ ದಪ್ಪ ಮಂಡಿಗಳು ಅದರಡಿ ಸಿಕ್ಕಿಕೊಂಡವು.

"ಏಳೋವಾಗ ಇದೂ ನನ್ ಜೊತೆ ಬಂದ್ರೆ ಏನೇ ಮಾಡೋದು?" ಎಂದು ಪಕ್ಕದಲ್ಲಿದ್ದ ಅಕ್ಕನ ಮಗಳ ಕಿವಿಯಲ್ಲಿ ಕೇಳಿದಳು.

ಹುಡುಗಿ ನಗು ತಡೆದುಕೊಂಡು, ಅಂಗಿಯ ತುಂಬುತೋಳನ್ನು ಬೆರಳ ತನಕ ಎಳೆದುಕೊಂಡಳು.

ಆ ತೋಳಿನಡಿ ಹುಡುಗಿ ತನಗೆ ತಾನೇ ಮಾಡಿಕೊಂಡ ಗಾಯಗಳಿರುವುದು ಚಿಕ್ಕಮ್ಮನಿಗೆ ಗೊತ್ತಾಗಿದ್ದು ಹೋದ ವಾರ. ಬೈಯಲಿಲ್ಲ; ಡಾಕ್ಟರ ಹತ್ತಿರ ಕರೆದೊಯ್ದಳು. ಅಲ್ಲಿ ಹುಡುಗಿ ಬಾಯಿಬಿಟ್ಟಳು: ಅಂಕ ನೋಡಿ ಕೂರಿಸುವ ಬೆಂಚು, 'ಖಾಲಿ ಡಬ್ಬಿ' ಎಂಬ ಅಡ್ಡಹೆಸರು, ಅದನ್ನು ಕೇಳಿ ಮೇಡಂ ಕೂಡ ನಕ್ಕಿದ್ದು, ಊಟಕ್ಕೆ ಯಾರೂ ಸೇರಿಸಿಕೊಳ್ಳದ್ದು. ಡಾಕ್ಟರು ವಾರವಾರ ಬರಲು ಹೇಳಿದ್ದರು. "ಚಿಕ್ಕಿ, ಶಾಲೇಲಿ ಕೈ ವಿಷ್ಯ ಮಾತ್ರ ಎತ್ಬೇಡ" ಎಂದು ಹುಡುಗಿ ಮಾತು ತೆಗೆದುಕೊಂಡಿದ್ದಳು. ಅದನ್ನು ಎತ್ತದೆ ಈ ಬೆಂಚಿನಿಂದ ಅವಳನ್ನು ಬಿಡಿಸುವುದು ಹೇಗೆ?

"ಮೇಡಂ, ಇಲ್ಲಿಂದ ಬೋರ್ಡೇ ಕಾಣಲ್ಲ! ಓದೋಕೆ ಕಷ್ಟಪಡೋರ್ನೇ ಹಿಂದಕ್ಕೆ ತಳ್ಳಿದ್ರೆ ಹೆಂಗೆ? ನನ್ ವ್ಯಾನಲ್ಲಿ ವಾಂತಿ ಬರೋ ಮಕ್ಳಿಗೆ ಕಿಟಕಿ ಸೀಟು. ಮಾರ್ಕ್ಸ್ ನೋಡಿ ಕೂರ್ಸಿದ್ರೆ ದಿನಾ ವ್ಯಾನ್ ತೊಳೀಬೇಕಾಗ್ತಿತ್ತು!"

ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ. "ಮಾರ್ಕ್ಸ್ ತಗೊಂಡ್ರೆ ಅವಳೇ ಮುಂದೆ ಬರ್ತಾಳೆ."

"ಆಗ ಇಲ್ಲಿಗೆ ಇನ್ಯಾರದೋ ಮಗು ಬರುತ್ತಲ್ಲ? ಈ ಬೆಂಚೇನು ಖಾಲಿ ಬಿದ್ದಿರುತ್ತಾ?"

ಅಪ್ಪ ಅಮ್ಮಂದಿರು ತಾವು ಕೂತ ಜಾಗ ನೋಡಿಕೊಂಡರು.

ಮೊದಲ ಬೆಂಚಿನಿಂದ ಫಸ್ಟ್ ರ‍್ಯಾಂಕಿನ ಹುಡುಗಿ ಎದ್ದಳು. "ಮೇಡಂ, ನಾನು ಹಿಂದೆ ಹೋಗ್ಲಾ? ಇಲ್ಲಿ ನನ್ ಜೊತೆ ಯಾರೂ ಮಾತಾಡಲ್ಲ. ಟೆಸ್ಟ್ ಅಂದ್ರೆ ನಿದ್ದೇನೂ ಬರಲ್ಲ."

ಅವಳ ಅಪ್ಪ ಮಗಳ ಚೀಲ ಹೆಗಲಿಗೇರಿಸಿ ತಾನೇ ಹಿಂದಕ್ಕೆ ನಡೆದ. "ಸ್ವಲ್ಪ ಪಕ್ಕಕ್ಕೆ ಸರೀರಿ ಅಮ್ಮ."

"ಸರಿಯೋದೆಲ್ಲಿ ಬಂತು, ಮೊದ್ಲು ನನ್ನ ಎಳೀರಿ!"

ಎಲ್ಲರೂ ಸೇರಿ ಎಳೆದರು. ಚಿಕ್ಕಮ್ಮನ ಜೊತೆ ಡೆಸ್ಕೂ ಬಂತು. ಮುಂದಿನ ಸಾಲೆಲ್ಲ ಸೊಟ್ಟಗಾಯಿತು. ಮೇಡಂಗೂ ನಗು ತಡೆಯಲಾಗಲಿಲ್ಲ. "ಆಯ್ತು, ಆಯ್ತು. ಈ ತಿಂಗಳು ಬೇರೆ ಥರಾನೇ ಕೂರ್ಸಿ ನೋಡೋಣ" ಎಂದರು.

"ಬಾರೇ, ಆ ಕಡೆ ಹಿಡಿ" ಎಂದು ಫಸ್ಟ್ ರ‍್ಯಾಂಕಿನವಳು ಬೆಂಚಿನ ಒಂದು ತುದಿ ಹಿಡಿದು ಕರೆದಳು.

ಹುಡುಗಿ ಬಗ್ಗಿದಳು. ಅಂಗಿಯ ತೋಳು ಅಡ್ಡ ಬಂತು. ಚಿಕ್ಕಮ್ಮನ ಕಡೆ ಒಮ್ಮೆ ನೋಡಿ, ಅಂಗೈಯಷ್ಟೇ ಕಾಣುವಂತೆ ಒಂದೇ ಒಂದು ಮಡಿಕೆ ಮಡಚಿ, ಬೆಂಚಿಗೆ ಕೈಹಾಕಿದಳು.